ಲೋಗೋ ಆಯ್ತು, ಬಣ್ಣ ಆಯ್ತು, ಆರು ಕಡೆ ಪೇಜ್ ಆಯ್ತು. ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಅರ್ಧ_ರೀಮ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ನನ್ನದು ಕೈಯಲ್ಲಿ ಹೊಲಿದ ನೋಟ್‌ಬುಕ್‌ಗಳ ವ್ಯಾಪಾರ. ಹಾಳೆ ಮಡಿಸುವುದರಿಂದ ಹಿಡಿದು ಪಾರ್ಸೆಲ್‌ಗೆ ಟೇಪ್ ಸುತ್ತುವವರೆಗೆ ಎಲ್ಲಕ್ಕೂ ಒಂದೇ ಜೊತೆ ಕೈ. ಎರಡು ವರ್ಷ ಬಾಯಿಂದ ಬಾಯಿಗೆ ನಡೆದುಕೊಂಡು ಬಂತು. ಆಮೇಲೆ ಯಾರೋ "ನೀವು ಬ್ರ್ಯಾಂಡ್ ಕಟ್ಟಬೇಕು" ಎಂದರು. ಅಲ್ಲಿಂದ ಶುರುವಾಯಿತು ನೋಡಿ.

ಮೂರು ತಿಂಗಳಲ್ಲಿ ಲೋಗೋ ನಾಲ್ಕು ಸಲ ಬದಲಾಯಿತು. ಬಣ್ಣ ಆರಿಸುವುದಕ್ಕೇ ಎರಡು ವಾರ ಹಿಡಿಯಿತು. ಆರು ಕಡೆ ಪೇಜ್ ತೆರೆದೆ. ದಿನಕ್ಕೊಂದು ಪೋಸ್ಟ್ ಹಾಕಲೇಬೇಕು ಎಂದರು, ಅದನ್ನೂ ಮಾಡಿದೆ. "ಶುಭ ಸೋಮವಾರ" ಅಂತೆಲ್ಲ. ವೆಬ್‌ಸೈಟ್ ಕೂಡ ಇದೆ. ಆರ್ಡರ್ ಮಾತ್ರ ಮೊದಲಿನಷ್ಟೇ.

ಹೋದ ವಾರ ಒಬ್ಬ ಹಳೇ ಗ್ರಾಹಕರು ಮೆಸೇಜ್ ಮಾಡಿದರು. "ನಿಮ್ಮ ಹೆಸರು ಮರೆತುಹೋಗಿತ್ತು, ಚಾಟ್‌ನಲ್ಲಿ ನೋಟ್‌ಬುಕ್ ಅಂತ ಹುಡುಕಿ ನಿಮ್ಮನ್ನು ಹಿಡಿದೆ" ಅಂತ. ಅದನ್ನು ಓದಿ ಕೈ ಕಾಲು ಬಿದ್ದುಹೋಯಿತು.

ಮೂರನೇ_ಬೆಂಚು

ಸರ್, ನೀವು ಬೇಜಾರು ಮಾಡಿಕೊಂಡ ಜಾಗದಲ್ಲಿ ನನಗೆ ಖುಷಿಯಾಯಿತು. ಹೆಸರು ಮರೆತರೂ ನೋಟ್‌ಬುಕ್ ಮರೆಯಲಿಲ್ಲ ಅಲ್ವಾ? ಎಷ್ಟೋ ಜನರದ್ದು ಉಲ್ಟಾ. ಹೆಸರು ಎಲ್ಲರಿಗೂ ಗೊತ್ತು, ಎರಡನೇ ಸಲ ಕೊಳ್ಳುವವರು ಯಾರೂ ಇಲ್ಲ.

ನಿಮ್ಮ ಪೇಜಿನ ಮೇಲೆ ಪರಿಚಯದ ಸಾಲು ಏನಿದೆ? ಹಾಗೇ ಕಾಪಿ ಮಾಡಿ ಹಾಕಿ.

ಅರ್ಧ_ರೀಮ್

ಸರ್ ಅಲ್ಲ, ಮೇಡಂ. ಪರವಾಗಿಲ್ಲ ಬಿಡಿ 🙂

ಸಾಲು ಇದು: "ಗುಣಮಟ್ಟವೇ ನಮ್ಮ ಧ್ಯೇಯ. ನಿಮ್ಮ ಸೃಜನಶೀಲತೆಗೆ ನಮ್ಮ ತಂಡದ ಸಾಥ್."

ಮೂರನೇ_ಬೆಂಚು

ಕ್ಷಮಿಸಿ ಮೇಡಂ. 

ಈಗ ಒಂದು ಕೆಲಸ ಮಾಡಿ. ಆ ಸಾಲಿನ ಮೇಲೆ ನಿಮ್ಮ ಹೆಸರು ಅಳಿಸಿ ಒಂದು ಪೇಂಟ್ ಕಂಪನಿಯ ಹೆಸರು ಇಟ್ಟು ಓದಿ. ಸರಿಹೋಗುತ್ತದೆ. ಟ್ಯೂಷನ್ ಸೆಂಟರ್ ಹೆಸರಿಟ್ಟರೂ ಸರಿಹೋಗುತ್ತದೆ. ಯಾರಿಗೆ ಬೇಕಾದರೂ ಒಪ್ಪುವ ಸಾಲು ಅಂದರೆ ನಿಮ್ಮದಲ್ಲದ ಸಾಲು. ಗುಣಮಟ್ಟ ನಮ್ಮ ಧ್ಯೇಯವಲ್ಲ ಎಂದು ಯಾರಾದರೂ ಬೋರ್ಡ್ ಹಾಕಿಕೊಳ್ಳುತ್ತಾರಾ?

ಇನ್ನೊಂದು, ಆ "ತಂಡ" ಯಾರು? ಒಂದೇ ಜೊತೆ ಕೈ ಅಂದಿರಿ.

ಅರ್ಧ_ರೀಮ್

ತಂಡ ಅಂದರೆ ನಾನು ಮತ್ತು ನನ್ನ ಸೂಜಿ. ಒಬ್ಬಳೇ ಅಂತ ಗೊತ್ತಾದರೆ ಜನ ನಂಬುವುದಿಲ್ಲವೇನೋ ಎನ್ನುವ ಭಯ.

ಬಣ್ಣದ_ಡಬ್ಬಿ

ನಾನು ಡಿಸೈನರ್. ಲೋಗೋ ಮಾಡಿಯೇ ಹೊಟ್ಟೆ ಹೊರೆಯುವವನು. ಆದರೂ ಹೇಳುತ್ತೇನೆ, ಮೂರು ತಿಂಗಳಲ್ಲಿ ನಾಲ್ಕು ಸಲ ಬದಲಾಯಿಸಿದ್ದು ದೊಡ್ಡ ತಪ್ಪು. ಯಾವ ಲೋಗೋ ಚೆಂದ ಎನ್ನುವುದು ಆಮೇಲಿನ ಮಾತು. ಜನರ ಕಣ್ಣು ಒಂದಕ್ಕೆ ಒಗ್ಗುವ ಮೊದಲೇ ನೀವು ಅದನ್ನು ಕಿತ್ತುಹಾಕಿದಿರಿ.

ನಾವು ನಮ್ಮ ಲೋಗೋವನ್ನು ದಿನಕ್ಕೆ ಐವತ್ತು ಸಲ ನೋಡುತ್ತೇವೆ, ಅದಕ್ಕೇ ಬೇಗ ಬೇಸರ ಬರುತ್ತದೆ. ಗ್ರಾಹಕರು ನೋಡುವುದು ತಿಂಗಳಿಗೊಮ್ಮೆ. ನಮಗೆ ಸಾಕಾಗಿಹೋದ ಹೊತ್ತಿಗೆ ಅವರಿಗೆ ಅದು ಈಗಷ್ಟೇ ಪರಿಚಯವಾಗಿರುತ್ತದೆ. ಗ್ಯಾಪ್ ಬಟ್ಟೆ ಕಂಪನಿ 2010ರ ಅಕ್ಟೋಬರ್‌ನಲ್ಲಿ ಹಳೇ ನೀಲಿ ಚೌಕದ ಲೋಗೋ ತೆಗೆದು ಹೊಸದು ಹಾಕಿತು. ಜನ ಎಷ್ಟು ಬೈದರೆಂದರೆ ಸುಮಾರು ಒಂದು ವಾರದಲ್ಲಿ ಹಳೆಯದಕ್ಕೇ ವಾಪಸ್. ಅಷ್ಟು ದೊಡ್ಡ ಕಂಪನಿಗೂ ಜನರ ಕಣ್ಣಿನ ಅಭ್ಯಾಸದ ಮುಂದೆ ನಿಲ್ಲಲು ಆಗಲಿಲ್ಲ.

ಈಗಿರುವುದನ್ನು ಇಟ್ಟುಕೊಳ್ಳಿ. ಎರಡು ವರ್ಷ ಮುಟ್ಟಬೇಡಿ.

ಸುಮ್ನೆ_ಓದುಗ

ನೈಕಿ ಲೋಗೋಗೆ ಬರೀ 35 ಡಾಲರ್ ಕೊಟ್ಟಿದ್ದರಂತೆ. ಡಿಸೈನರ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಬಣ್ಣದ_ಡಬ್ಬಿ

ಬಂತು ಬಂತು, ಈ ಕಥೆ ಬಾರದೆ ಲೋಗೋ ಚರ್ಚೆ ಮುಗಿಯುವುದೇ ಇಲ್ಲ. ನಿಜ, 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಅದನ್ನು ಬರೆದುಕೊಟ್ಟರು, ಸಿಕ್ಕಿದ್ದು 35 ಡಾಲರ್. ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. 1983ರಲ್ಲಿ ಕಂಪನಿ ಅವರನ್ನು ಕರೆದು ಷೇರು ಕೊಟ್ಟಿತು. ಆ ಗೆರೆಗೆ ಬೆಲೆ ಬಂದಿದ್ದು ಆ ಮಧ್ಯದ ವರ್ಷಗಳಲ್ಲಿ, ಶೂ ಮೇಲೆ ಅದೇ ಗೆರೆ ಮತ್ತೆ ಮತ್ತೆ ಕಂಡಿದ್ದರಿಂದ. ಗೆರೆ ಬರೆದ ದಿನ ಅದು ಬರೀ ಗೆರೆ.

ಮೇಡಂ, ನಿಮ್ಮ ಲೋಗೋಗೆ ಎರಡೇ ಪರೀಕ್ಷೆ. ಬ್ರೌಸರ್ ಟ್ಯಾಬ್‌ನಲ್ಲಿ 16 ಪಿಕ್ಸೆಲ್ ಅಗಲಕ್ಕೆ ಇಳಿಸಿದರೂ ಗುರುತು ಸಿಗುತ್ತದಾ? ಒಂದೇ ಬಣ್ಣದ ರಬ್ಬರ್ ಸ್ಟ್ಯಾಂಪ್ ಮಾಡಿಸಿ ರಟ್ಟಿನ ಮೇಲೆ ಒತ್ತಿದರೆ ತಿಳಿಯುತ್ತದಾ? ಎರಡಕ್ಕೂ ಹೌದು ಎಂದರೆ ಸಾಕು. ಕನ್ನಡ ಅಕ್ಷರದಲ್ಲಿ ಹೆಸರಿದ್ದರೆ ಇನ್ನೊಂದು ನೋಡಿ. ಪ್ರೊಫೈಲ್ ಚಿತ್ರವನ್ನು ದುಂಡಗೆ ಕತ್ತರಿಸುತ್ತಾರಲ್ಲ, ಆಗ ಒತ್ತಕ್ಷರದ ಕಾಲು ಮುರಿಯುತ್ತದೆ. ಸುತ್ತ ಸ್ವಲ್ಪ ಜಾಗ ಬಿಡಿ.

ಮೂಲ ಫೈಲು ಎಸ್‌ವಿಜಿ ರೂಪದಲ್ಲಿ (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ರೂಪ) ನಿಮ್ಮ ಹತ್ತಿರ ಇರಲೇಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಥರ ಬಂದ ಲೋಗೋ ಸಂಕುಚಿತವಾಗಿರುತ್ತದೆ. ಅದನ್ನೇ ಪ್ರಿಂಟ್‌ಗೆ ಕೊಟ್ಟು ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂದ ಡಬ್ಬಗಳನ್ನು ಬಹಳ ನೋಡಿದ್ದೇನೆ.

ಹಳೇ_ಕೀಬೋರ್ಡ್

ನೀವೆಲ್ಲ ಬಣ್ಣ, ಗೆರೆ ಮಾತಾಡುತ್ತಿದ್ದೀರಿ. ನನ್ನದು ಬೇರೆ ಪ್ರಶ್ನೆ. ಮೇಡಂ, ವೆಬ್‌ಸೈಟ್ ಇದೆ ಅಂದಿರಿ. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಯಾರ ಹೆಸರಲ್ಲಿ, ಯಾವ ಇಮೇಲ್‌ನಲ್ಲಿ ನೋಂದಣಿಯಾಗಿದೆ?

ಗುಂಡಿ_ದಾರ

ಮೇಡಂ, ದಿನಕ್ಕೊಂದು ಪೋಸ್ಟ್ ಹಾಕಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ನನ್ನದು ಬಟ್ಟೆ ಚೀಲದ ವ್ಯಾಪಾರ. ಪೋಸ್ಟ್ ನಿಲ್ಲಿಸಿದ ತಿಂಗಳು ವಿಚಾರಿಸುವವರೇ ಇರಲಿಲ್ಲ. ಕಣ್ಣಿಗೆ ಬೀಳುತ್ತಿರಬೇಕು. ಕಣ್ಮರೆಯಾದರೆ ಮನಸ್ಸಿನಿಂದಲೂ ಮರೆ.

ಮೂರನೇ_ಬೆಂಚು

ಗುಂಡಿ_ದಾರ ಅಕ್ಕ, ಕಣ್ಣಿಗೆ ಬೀಳಬೇಕು ಸರಿ. "ಶುಭ ಸೋಮವಾರ" ಕಣ್ಣಿಗೆ ಬಿದ್ದು ಏನಾಗಬೇಕು? ನೀವು ದಿನಾ ಏನು ಹಾಕುತ್ತೀರಿ ಹೇಳಿ.

ಗುಂಡಿ_ದಾರ

ಹೊಲಿಯುವಾಗಿನ ವಿಡಿಯೊ. ಹ್ಯಾಂಡಲ್ ಸೇರುವ ಜಾಗದಲ್ಲಿ ನಾನು ಚೌಕ ಹೊಲಿದು ಒಳಗೆ ಅಡ್ಡಗೆರೆ ಹಾಕುತ್ತೇನೆ. ಭಾರ ಬೀಳುವುದು ಅಲ್ಲೇ ಅಲ್ವಾ, ಬರೀ ಒಂದು ಸಾಲು ಹೊಲಿದರೆ ಕಿತ್ತುಬರುತ್ತದೆ. ಅದನ್ನೇ ತೋರಿಸುತ್ತಿರುತ್ತೇನೆ. ನೀರಿನ ಕ್ಯಾನ್ ನೇತುಹಾಕಿ ತೋರಿಸಿದ್ದೂ ಇದೆ.

ಮೂರನೇ_ಬೆಂಚು

ನೋಡಿದಿರಾ? ನಿಮಗೇ ಗೊತ್ತಿಲ್ಲದೆ ನೀವು ಬ್ರ್ಯಾಂಡ್ ಕಟ್ಟಿದ್ದೀರಿ. ನಿಮ್ಮ ಚೀಲ ಅಂದರೆ "ಹ್ಯಾಂಡಲ್ ಕಿತ್ತುಹೋಗದ ಚೀಲ". ಪೋಸ್ಟ್ ದಿನಾ ಇದ್ದದ್ದು ಒಂದು ಕಾರಣ ಇರಬಹುದು. ದಿನಾ ಹೇಳಿದ್ದು ಒಂದೇ ವಿಷಯ, ಅದು ಮುಖ್ಯ ಕಾರಣ.

ಗುಂಡಿ_ದಾರ

ಅಯ್ಯೋ, ಹೀಗೆ ಯೋಚನೆಯೇ ಮಾಡಿರಲಿಲ್ಲ. ಆದರೂ ದಿನಾ ಹಾಕುವುದು ಬಿಡುವುದಿಲ್ಲ 😄

ಗಂಟು_ಬಿಚ್ಚು

ಆರು ಪೇಜ್ ಬಗ್ಗೆ ಯಾರೂ ಮಾತಾಡಲಿಲ್ಲ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಆರು ಪೇಜ್ ಜಾಸ್ತಿ ಆಯಿತು. ಆರರಲ್ಲೂ ಅದೇ ಹೆಸರು ಹಿಡಿದಿಡಿ, ಬೇರೆಯವರು ತೆಗೆದುಕೊಳ್ಳದ ಹಾಗೆ. ನಾಲ್ಕರಲ್ಲಿ "ನಾವು ಇಲ್ಲಿ ಸಿಗುತ್ತೇವೆ" ಎಂದು ಒಂದು ಪೋಸ್ಟ್ ಪಿನ್ ಮಾಡಿ ಸುಮ್ಮನಾಗಿ. ಎರಡನ್ನು ಮಾತ್ರ ನಡೆಸಿ. ಒಂದು ವರ್ಷದಿಂದ ಪೋಸ್ಟ್ ಇಲ್ಲದ ಪೇಜ್ ನೋಡಿದರೆ ಅಂಗಡಿ ಮುಚ್ಚಿರಬೇಕು ಅಂದುಕೊಳ್ಳುತ್ತಾರೆ. ಪಿನ್ ಇದ್ದರೆ ಆ ತೊಂದರೆ ಇಲ್ಲ.

ಎಲ್ಲಾ ಕಡೆ ಹೆಸರು, ಫೋನ್ ನಂಬರ್, ವಿಳಾಸ ಅಕ್ಷರ ಅಕ್ಷರ ಒಂದೇ ಥರ ಇರಲಿ. ಒಂದು ಕಡೆ "ನೋಟ್‌ಬುಕ್ಸ್", ಇನ್ನೊಂದು ಕಡೆ "ನೋಟ್ ಬುಕ್", ಮ್ಯಾಪ್‌ನಲ್ಲಿ ಹಳೇ ಫೋನ್ ನಂಬರ್, ಹೀಗಿದ್ದರೆ ಹುಡುಕುವವರಿಗೂ ಗೊಂದಲ, ಸರ್ಚ್ ಎಂಜಿನ್‌ಗೂ ಗೊಂದಲ.

ಸುಮ್ನೆ_ಓದುಗ

ವೆಬ್‌ಸೈಟ್ ಈಗ ಯಾರಿಗೆ ಬೇಕು? ಇನ್‌ಸ್ಟಾಗ್ರಾಮ್ ಒಂದಿದ್ದರೆ ಸಾಕು. ಖರ್ಚು ಉಳಿಯಿತು.

ಹಳೇ_ಕೀಬೋರ್ಡ್

ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಚಿಕ್ಕ ವಿಡಿಯೊಗಳ ವೈನ್ 2017ರ ಜನವರಿಯಲ್ಲಿ ಹೋಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಗೂಗಲ್‌ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ಚಿಕ್ಕ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ನಿಂತವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಮಲಗಿದ್ದವು. ಪೇಜ್ ಅಲ್ಲೇ, ಚಾಟ್ ಅಲ್ಲೇ, ಆರ್ಡರ್ ಅಲ್ಲೇ ಇಟ್ಟುಕೊಂಡವರಿಗೆ ಅವತ್ತು ಹೇಳಿಕೊಳ್ಳಲು ಕೂಡ ಜಾಗ ಇರಲಿಲ್ಲ.

ಅವು ಬೇಡ ಎನ್ನುತ್ತಿಲ್ಲ. ಜನ ಇರುವ ಕಡೆ ಹೋಗಲೇಬೇಕು. ಆದರೆ ಅದು ಬಾಡಿಗೆ ಮನೆ. ನಿಮ್ಮ ಡೊಮೇನು ಮತ್ತು ಗ್ರಾಹಕರ ಪಟ್ಟಿ, ಇವೆರಡೇ ನಿಮ್ಮ ಸ್ವಂತದ್ದು. ಪಟ್ಟಿಯನ್ನು ತಿಂಗಳಿಗೊಮ್ಮೆ ಇಳಿಸಿ ನಿಮ್ಮ ಕಂಪ್ಯೂಟರ್‌ನಲ್ಲಿ ಇಡಿ. ಒಂದೇ ಪುಟದ ಸೈಟ್ ಆದರೂ ಪರವಾಗಿಲ್ಲ.

ಮೇಡಂ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಡೊಮೇನ್ ಯಾರ ಹೆಸರಲ್ಲಿದೆ?

ಅರ್ಧ_ರೀಮ್

ಎಲ್ಲರ ಉತ್ತರ ಓದುತ್ತಿದ್ದೇನೆ, ತುಂಬಾ ಥ್ಯಾಂಕ್ಸ್. ಡೊಮೇನ್ ನಮ್ಮದೇ, ತೊಂದರೆ ಇಲ್ಲ.

ಹೆಸರಿನ ಬಗ್ಗೆ ಒಂದು ಅನುಮಾನ. ನನ್ನ ವ್ಯಾಪಾರದ ಹೆಸರು "ಕೈಹೊಲಿಗೆ ನೋಟ್‌ಬುಕ್ಸ್" ಥರದ್ದು. ನೇರವಾಗಿ ಏನು ಮಾರುತ್ತೇನೆ ಅಂತ ಇದೆ. ಆದರೂ ಯಾರಿಗೂ ನೆನಪಿರುವುದಿಲ್ಲ. ಹೆಸರೇ ಬದಲಾಯಿಸಲೇ?

ಕಾನೂನು_ಕಡತ

ಹೆಸರಿನ ವಿಷಯದಲ್ಲಿ ನಾಲ್ಕು ಮಾತು. ಸರಕನ್ನೇ ವರ್ಣಿಸುವ ಹೆಸರು ಇಟ್ಟುಕೊಂಡರೆ ಜನಕ್ಕೆ ಬೇಗ ಅರ್ಥವಾಗುತ್ತದೆ. ಆದರೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ನೋಟ್‌ಬುಕ್ ಮಾರುವ ಯಾರು ಬೇಕಾದರೂ "ನೋಟ್‌ಬುಕ್" ಎಂಬ ಪದ ಬಳಸಬಹುದಲ್ಲ, ಅದನ್ನು ಒಬ್ಬರಿಗೇ ಬರೆದುಕೊಡಲು ಆಗುವುದಿಲ್ಲ. ಅದಕ್ಕೇ ಹಳಬರು ಅರ್ಥವೇ ಇಲ್ಲದ ಪದ ಹುಟ್ಟಿಸುತ್ತಿದ್ದರು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕ್ಯಾಮೆರಾಗೆ ಇಟ್ಟ "ಕೊಡ್ಯಾಕ್" ಹಾಗೆ ಹುಟ್ಟಿದ್ದು. ಅವರಿಗೆ ಕೆ ಅಕ್ಷರ ಇಷ್ಟ, ಅಷ್ಟೇ.

ಟ್ರೇಡ್‌ಮಾರ್ಕ್ ವರ್ಗದ ಪ್ರಕಾರ ಸಿಗುತ್ತದೆ. ಹೆಚ್ಚಿನ ದೇಶಗಳು ಬಳಸುವ ನೀಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ. 34 ಸರಕಿಗೆ, 11 ಸೇವೆಗೆ. ನೋಟ್‌ಬುಕ್, ಕಾಗದ, ಲೇಖನ ಸಾಮಗ್ರಿ 16ನೇ ವರ್ಗ. ಉಡುಪು 25. ಡೊಮೇನ್ ಖಾಲಿ ಇದೆ ಎಂದ ಮಾತ್ರಕ್ಕೆ ಹೆಸರು ಖಾಲಿ ಇದೆ ಎಂದಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಮೊದಲು ನಿಮ್ಮ ದೇಶದ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ ಹುಡುಕಿ, ಆಮೇಲೆ ಡೊಮೇನ್, ಆಮೇಲೆ ಪೇಜ್, ಕೊನೆಗೆ ಲೋಗೋ. ಎಲ್ಲರೂ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಮೂರನೇ_ಬೆಂಚು

ಎರಡು ವರ್ಷದ ಗ್ರಾಹಕರಿರುವಾಗ ಹೆಸರು ಬದಲಾಯಿಸಬೇಡಿ ಎನ್ನುವುದು ನನ್ನ ಮಾತು. ಈಗಿನ ಹೆಸರಿಗೆ ಒಂದು ಬಾಲ ಸೇರಿಸಬಹುದು. ಅದಕ್ಕೆ ಮೊದಲು ಒಂದು ಮನೆಗೆಲಸ ಕೊಡುತ್ತೇನೆ.

ವಾಟ್ಸ್ಆ್ಯಪ್ ತೆರೆಯಿರಿ. ಹಳೇ ಗ್ರಾಹಕರ ಚಾಟ್ ಒಂದೊಂದಾಗಿ ಮೇಲಿನಿಂದ ಓದಿ. ಎರಡನೇ ಸಲ ಆರ್ಡರ್ ಮಾಡಿದಾಗ ನಿಮ್ಮ ನೋಟ್‌ಬುಕ್ಕನ್ನು ಅವರು ಏನೆಂದು ಕರೆದಿದ್ದಾರೆ? "ಆ ಇಂಥದ್ದು ಇದೆಯಲ್ಲ" ಎಂದು ಕೇಳುತ್ತಾರಲ್ಲ, ಆ "ಇಂಥದ್ದು" ಏನು? ಅವರ ಪದವನ್ನೇ ಬರೆದುಕೊಳ್ಳಿ. ತಿದ್ದಬೇಡಿ, ಚೆಂದ ಮಾಡಬೇಡಿ.

ಗಂಟು_ಬಿಚ್ಚು

ಮೇಡಂ ಚಾಟ್ ಹುಡುಕಿಕೊಂಡು ಬರುವ ತನಕ ಒಂದೆರಡು ಚಿಲ್ಲರೆ ವಿಷಯ.

ದುಡ್ಡು ಕೊಟ್ಟು ಪೋಸ್ಟನ್ನು ಜಾಸ್ತಿ ಜನಕ್ಕೆ ತೋರಿಸುವ ಬೂಸ್ಟ್ ಬಟನ್ ಒತ್ತಬೇಡಿ, ಕಡೇಪಕ್ಷ ಈಗ ಬೇಡ. ಅದು ಲೈಕ್ ಒತ್ತುವವರನ್ನು ಹುಡುಕಿ ಕೊಡುತ್ತದೆ, ಕೊಳ್ಳುವವರನ್ನಲ್ಲ. ಫಾಲೋವರ್ಸ್ ಕೊಳ್ಳುವುದಂತೂ ಬೇಡವೇ ಬೇಡ. ನಾನು ಒಂದು ಕಾಲದಲ್ಲಿ ಕೊಂಡಿದ್ದೆ, ನಾಚಿಕೆಯಿಂದ ಹೇಳುತ್ತಿದ್ದೇನೆ. ಸಂಖ್ಯೆ ಏರಿತು, ಪೋಸ್ಟ್‌ಗೆ ಎರಡು ಲೈಕ್. ನೋಡಿದವರಿಗೆ ಇನ್ನೂ ಅನುಮಾನ ಜಾಸ್ತಿ ಆಯಿತು.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುವವರು ನೆನಪಿಡಿ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಂದು ಲಿಸ್ಟ್‌ಗೆ 256 ಜನ. "ಯಾರೂ ಉತ್ತರ ಕೊಡುವುದಿಲ್ಲ" ಎನ್ನುವವರಲ್ಲಿ ಅರ್ಧ ಜನರ ಸಂದೇಶ ತಲುಪಿಯೇ ಇರುವುದಿಲ್ಲ. ಪಾರ್ಸೆಲ್ ಒಳಗೆ ಒಂದು ಚೀಟಿ ಇಡಿ: "ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸದು ಬಂದಾಗ ತಿಳಿಸುತ್ತೇನೆ." ನೋಟ್‌ಬುಕ್ ಆದ್ದರಿಂದ ಚೀಟಿಯನ್ನು ಪುಟ ಗುರುತಿನ ಪಟ್ಟಿಯಾಗಿಯೇ ಮಾಡಬಹುದು. ಎಸೆಯುವುದಿಲ್ಲ.

ನಿದ್ದೆಗೆಟ್ಟ_ಇಲಿ

ಎಐ ಬಳಸಿ ಫೋಟೋ ಮಾಡಿಸಿಕೊಳ್ಳಿ, ಒಂದು ನಿಮಿಷದ ಕೆಲಸ. ಸ್ಟುಡಿಯೊ ಥರ ಬರುತ್ತದೆ.

ಅರ್ಧ_ರೀಮ್

ಮಾಡಿದ್ದೆ! ಅದನ್ನು ಹೇಳಲು ಮರೆತೆ. ಒಂದು ಚಿತ್ರ ಎಷ್ಟು ಚೆಂದ ಬಂದಿತ್ತೆಂದರೆ ನನಗೇ ಅಸೂಯೆ. ಹಾಕಿದ ಅರ್ಧ ಗಂಟೆಗೆ ಒಬ್ಬರು ಕೇಳಿದರು, "ಮೂರನೇ ತೂತಿಗೆ ಹೋದ ದಾರ ಎಲ್ಲಿಂದಲೂ ಹೊರಗೆ ಬಂದಿಲ್ಲವಲ್ಲ?" ಹಿಗ್ಗಿಸಿ ನೋಡಿದೆ. ನಿಜ. ದಾರ ರಟ್ಟಿನೊಳಗೆ ಹೋಗಿ ಮಾಯ. ಹೊಲಿಗೆಯೇ ನನ್ನ ವ್ಯಾಪಾರ, ಹೊಲಿಗೆಯೇ ಸುಳ್ಳು. ಅಳಿಸಿಬಿಟ್ಟೆ.

ಬಣ್ಣದ_ಡಬ್ಬಿ

ಹ್ಹ ಹ್ಹ, ನಿಮ್ಮ ಗ್ರಾಹಕರ ಕಣ್ಣಿಗೆ ಒಂದು ನಮಸ್ಕಾರ. ದಾರ ಎಲ್ಲಿ ಹೋಯಿತು ಎಂದು ನೋಡುವವರು ನಿಮ್ಮ ಹತ್ತಿರ ಇದ್ದಾರೆ. ಅವರಿಗಾಗಿಯೇ ಫೋಟೋ ತೆಗೆಯಿರಿ.

ಒಂದು ಕಿಟಕಿ ಆರಿಸಿ. ನೇರ ಬಿಸಿಲು ಬೇಡ, ಪಕ್ಕದಿಂದ ಬೆಳಕು ಬರಲಿ. ಒಳಗಿನ ಲೈಟ್ ಆರಿಸಿ, ಇಲ್ಲದಿದ್ದರೆ ಬಿಳಿ ಹಾಳೆ ಒಂದು ಕಡೆ ಹಳದಿ, ಒಂದು ಕಡೆ ನೀಲಿ ಕಾಣುತ್ತದೆ. ಪ್ರತಿ ಸಲ ಅದೇ ಮೇಜು, ಅದೇ ಮೂಲೆ. ಒಂದು ಫೋಟೋದಲ್ಲಿ ನಿಮ್ಮ ಕೈ ಇರಲಿ, ಅಳತೆ ತಿಳಿಯುತ್ತದೆ. ಆರು ತಿಂಗಳಾದ ಮೇಲೆ ಹೆಸರು ಓದದೆಯೇ "ಇದು ಅವರದ್ದು" ಎನ್ನುತ್ತಾರೆ. ನೀವು ಎರಡು ವಾರ ಕೂತು ಆರಿಸಿದ ಬಣ್ಣಗಳಿಗಿಂತ ಆ ಮೇಜೇ ಜಾಸ್ತಿ ಕೆಲಸ ಮಾಡುತ್ತದೆ.

ಚಿತ್ರದ ಅಂಚಿನಲ್ಲಿ ಅಕ್ಷರ ಬರೆಯಬೇಡಿ. ಇನ್‌ಸ್ಟಾಗ್ರಾಮ್ 2025ರ ಜನವರಿಯಲ್ಲಿ ಪ್ರೊಫೈಲಿನ ಚೌಕಗಳನ್ನು ಉದ್ದನೆಯ ಆಯತ ಮಾಡಿತು. ಮೂರು ಚೌಕ ಸೇರಿಸಿ ಒಂದು ದೊಡ್ಡ ಚಿತ್ರ ಕಟ್ಟಿದ್ದವರದ್ದೆಲ್ಲ ಎಡವಟ್ಟಾಯಿತು. ನನ್ನ ಮೂವರು ಗಿರಾಕಿಗಳು ಒಂದೇ ದಿನ ಫೋನ್ ಮಾಡಿದ್ದರು.

ಗುಂಡಿ_ದಾರ

ರಿವ್ಯೂ ಬಗ್ಗೆಯೂ ಹೇಳಿ ಯಾರಾದರೂ. ನನಗೆ ಒಬ್ಬರು ಒಂದು ಸ್ಟಾರ್ ಕೊಟ್ಟು ಹೋಗಿದ್ದಾರೆ. ಬಣ್ಣ ಬಿಟ್ಟಿತು ಅಂತೆ. ನಿದ್ದೆ ಬರುತ್ತಿಲ್ಲ.

ಗಂಟು_ಬಿಚ್ಚು

ಬಣ್ಣ ಬಿಟ್ಟಿದ್ದು ನಿಜವಾ?

ಗುಂಡಿ_ದಾರ

ನಿಜ. ಆ ಕಟ್ಟಿನ ಕೆಂಪು ಬಟ್ಟೆ ಸರಿ ಇರಲಿಲ್ಲ. ನನಗೂ ಆಮೇಲೆ ಗೊತ್ತಾಯಿತು.

ಗಂಟು_ಬಿಚ್ಚು

ಹಾಗಾದರೆ ಸುಲಭ. ಒಂದೇ ಸಲ, ಮೂರು ಸಾಲಿನಲ್ಲಿ ಬರೆಯಿರಿ. "ಹೌದು, ಆ ಕೆಂಪು ಬಟ್ಟೆ ಬಣ್ಣ ಬಿಡುತ್ತಿತ್ತು. ಅದನ್ನು ನಿಲ್ಲಿಸಿದ್ದೇನೆ. ನಿಮಗೆ ಬೇರೆ ಚೀಲ ಕಳಿಸುತ್ತೇನೆ, ದಯವಿಟ್ಟು ಮೆಸೇಜ್ ಮಾಡಿ." ಅಷ್ಟೇ. ವಾದ ಬೇಡ, "ನೀವು ಬಿಸಿನೀರಲ್ಲಿ ಒಗೆದಿರಬೇಕು" ಬೇಡವೇ ಬೇಡ. ಆ ಉತ್ತರವನ್ನು ಅವರಿಗಿಂತ ಜಾಸ್ತಿ ಓದುವುದು ಮುಂದೆ ಕೊಳ್ಳಲಿರುವವರು. ಬರೀ ಐದು ಸ್ಟಾರ್ ಇರುವ ಪೇಜ್ ನೋಡಿದರೆ ನನಗಂತೂ ಅನುಮಾನ.

ಐದು ಸ್ಟಾರ್ ಕೊಟ್ಟರೆ ರಿಯಾಯಿತಿ ಎಂದು ಯಾರೂ ಮಾಡಬೇಡಿ. ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ರಿವ್ಯೂ ಕೇಳುವುದಕ್ಕೂ ಇಲ್ಲ. ಎಲ್ಲರನ್ನೂ ಕೇಳಿ. ಪಾರ್ಸೆಲ್ ತಲುಪಿ ಒಂದು ವಾರ ಬಿಟ್ಟು ಕೇಳಿದರೆ ಬಳಸಿ ನೋಡಿದ ಮಾತು ಸಿಗುತ್ತದೆ.

ಹಳೇ_ಕೀಬೋರ್ಡ್

ಮೂರನೇ ಸಲ ಕೇಳುತ್ತಿದ್ದೇನೆ, ಬೈಯ್ದುಕೊಳ್ಳಬೇಡಿ. ಯಾಕೆ ಇಷ್ಟು ಕಾಡುತ್ತೇನೆ ಎಂದರೆ ನನಗೆ ಪೆಟ್ಟು ಬಿದ್ದಿದೆ.

ನನ್ನ ಮೊದಲ ವ್ಯಾಪಾರದ ಸೈಟನ್ನು ಒಬ್ಬರು ಮಾಡಿಕೊಟ್ಟಿದ್ದರು. ಡೊಮೇನನ್ನು ಅವರೇ ಅವರ ಖಾತೆಯಲ್ಲಿ ಕೊಂಡಿದ್ದರು. ನನಗೆ ಗೊತ್ತೇ ಇಲ್ಲ, ದುಡ್ಡು ಕೊಟ್ಟೆ, ನನ್ನದು ಅಂದುಕೊಂಡೆ. ಪೇಜ್ ಕೂಡ ಅವರ ಹುಡುಗನೊಬ್ಬನ ಸ್ವಂತ ಖಾತೆಯಿಂದ ತೆರೆದದ್ದು. ಮೂರು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅವರು ಆ ಕೆಲಸ ಬಿಟ್ಟರು, ಫೋನ್ ಎತ್ತಲಿಲ್ಲ. ನವೀಕರಣ ಮಾಡಿ ಎಂಬ ಮೇಲ್‌ಗಳು ಅವರಿಗೆ ಹೋದವು. ಒಂದು ಬೆಳಗ್ಗೆ ಸೈಟ್ ತೆರೆದರೆ ಜೂಜಿನ ಜಾಹೀರಾತು. ಬಿಲ್ ಮೇಲೆ, ಡಬ್ಬದ ಮೇಲೆ, ಚೀಟಿಯ ಮೇಲೆ ಎಲ್ಲಾ ಕಡೆ ಅದೇ ವಿಳಾಸ ಮುದ್ರಿಸಿದ್ದೆ. ಹಳೇ ಗ್ರಾಹಕರು ಫೋನ್ ಮಾಡಿ "ಇದೇನು ಹೊಸ ದಂಧೆ" ಎಂದು ಕೇಳಿದರು. ಒಂದು ರಾತ್ರಿ ಕೂತು ಎರಡು ಸಾವಿರ ಡಬ್ಬದ ಮೇಲೆ ಸ್ಟಿಕರ್ ಅಂಟಿಸಿದ್ದೇನೆ.

ಡಾಟ್ ಕಾಮ್ ಥರದ ಹೆಸರುಗಳು ಅವಧಿ ಮುಗಿದ ತಕ್ಷಣ ಹೋಗುವುದಿಲ್ಲ. ಮೊದಲು ಸ್ವಲ್ಪ ದಿನ ಮಾಮೂಲಿ ದರದಲ್ಲೇ ನವೀಕರಿಸಲು ಬಿಡುತ್ತಾರೆ. ಎಷ್ಟು ದಿನ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆಮೇಲೆ ಅಳಿಸಲು ಹಾಕಿದರೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಅದಾದ ಮೇಲೆ 5 ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಅಷ್ಟು ಸಮಯ ಇದ್ದರೂ ನನಗೆ ಉಪಯೋಗವಾಗಲಿಲ್ಲ. ಮೇಲ್ ಬರುತ್ತಿದ್ದದ್ದೇ ನನಗಲ್ಲ.

"ನಮ್ಮದೇ" ಎನ್ನಬೇಡಿ. ಲಾಗಿನ್ ಆಗಿ ನೋಡಿ. ಖಾತೆಯ ಇಮೇಲ್ ಯಾವುದು, ಅವಧಿ ಮುಗಿಯುವುದು ಯಾವತ್ತು.

ಕಾನೂನು_ಕಡತ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೇರೆಯವರು ಬಿಟ್ಟ ಹಳೇ ಡೊಮೇನ್ ಕೊಳ್ಳುವವರು ಸೈಟುಗಳ ಹಳೇ ಪುಟಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಪೂರ್ವಾಶ್ರಮ ನೋಡಿಕೊಳ್ಳಿ. ನೀವು ಹೇಳಿದ ಜೂಜಿನ ಸೈಟು ನಾಳೆ ಇನ್ಯಾರದೋ ಅಂಗಡಿ ಆಗುತ್ತದೆ, ಆ ಕಳಂಕ ಅವರ ತಲೆಗೆ ಬರುತ್ತದೆ.

ನಿದ್ದೆಗೆಟ್ಟ_ಇಲಿ

ಡೊಮೇನ್ ಇದ್ದವರು ಇಮೇಲ್ ಕೂಡ ಅದರಲ್ಲೇ ಮಾಡಿಕೊಳ್ಳಿ. ಆದರೆ ಮೇಲ್ ನಿಜವಾಗಿ ನಿಮ್ಮ ಡೊಮೇನಿನದ್ದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಈ ಮೂರು ದಾಖಲೆ ಹಾಕಿಸದಿದ್ದರೆ ಮೇಲ್ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಜಾಸ್ತಿ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಬಿಗಿ ಮಾಡಿವೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಜಿಮೇಲ್ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮಂಥ ಚಿಕ್ಕವರಿಗೂ ಹಾಕಿಸಿಕೊಳ್ಳುವುದು ಒಳ್ಳೆಯದು. ಎಐ ಫೋಟೋ ವಿಷಯಕ್ಕೆ ಕ್ಷಮೆ ಇರಲಿ 😅

ಅರ್ಧ_ರೀಮ್

ಮನೆಗೆಲಸ ಮಾಡಿದೆ. ರಾತ್ರಿ ಹನ್ನೊಂದರಿಂದ ಒಂದೂವರೆ ತನಕ ಚಾಟ್ ಓದಿದೆ. ಎರಡನೇ ಸಲ ಕೊಂಡವರು 41 ಜನ ಸಿಕ್ಕರು. ಬರೆದುಕೊಂಡದ್ದು ಹಾಗೇ ಹಾಕುತ್ತೇನೆ:

"ಆ ಚಪ್ಪಟೆ ಬಿಚ್ಚಿಕೊಳ್ಳುತ್ತಲ್ಲ ಅದು." "ಕೈ ಇಡದಿದ್ದರೂ ಮುಚ್ಚಿಕೊಳ್ಳಲ್ವಲ್ಲ ಆ ಬುಕ್ಕು." "ಪೂರ್ತಿ ಹಿಂದಕ್ಕೆ ತಿರುಗುತ್ತಲ್ಲ." "ಮಧ್ಯದ ಗುಳಿಯಲ್ಲೂ ಬರೆಯಬಹುದು, ಅದು ಎರಡು ಬೇಕು." "ಎಡಗೈಯವಳಿಗೆ ಕೊಡಿಸಿದ್ದೆನಲ್ಲ ಅಂಥದ್ದು."

41ರಲ್ಲಿ 26 ಜನ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ಹೇಳಿದ್ದಾರೆ. ಮುಖಪುಟದ ಚಿತ್ತಾರದ ಬಗ್ಗೆ ಹೇಳಿದವರು ಐದೇ ಜನ. ನಾನು ಪೋಸ್ಟ್ ಹಾಕುತ್ತಿದ್ದದ್ದು ಪೂರ್ತಿ ಚಿತ್ತಾರದ ಮೇಲೆ.

ಅದು ಕಾಪ್ಟಿಕ್ ಹೊಲಿಗೆ. ಬೆನ್ನಿಗೆ ಅಂಟು ಹಾಕುವುದಿಲ್ಲ. ಮಡಿಸಿದ ಹಾಳೆಗಳ ಕಟ್ಟನ್ನು ಒಂದಕ್ಕೊಂದು ದಾರದ ಸರಪಳಿಯಲ್ಲಿ ಸೇರಿಸುವುದು. ಅದಕ್ಕೇ ಚಪ್ಪಟೆ ಮಲಗುತ್ತದೆ. ಕಾಗದದ ಎಳೆ (ನಾರು ಸಾಗುವ ದಿಕ್ಕು) ಬೆನ್ನಿಗೆ ಸಮಾನಾಂತರ ಇರುವ ಹಾಗೆ ಕತ್ತರಿಸಬೇಕು, ಅಡ್ಡ ಕತ್ತರಿಸಿದರೆ ಪುಟ ಸೆಟೆದು ನಿಲ್ಲುತ್ತದೆ. ಇದೆಲ್ಲ ನನಗೆ ಮಾಮೂಲಿ ಕೆಲಸ. ಹೇಳಿಕೊಳ್ಳುವಂಥದ್ದು ಅಂತ ಅನ್ನಿಸಿಯೇ ಇರಲಿಲ್ಲ.

ಮೂರನೇ_ಬೆಂಚು

ಸಿಕ್ಕಿತು! ಇನ್ನು ನಿಮ್ಮ ಪರಿಚಯದ ಸಾಲು ಬರೆಯುವುದು ಬಾಕಿ. ಅದನ್ನೂ ಅವರೇ ಬರೆದುಕೊಟ್ಟಿದ್ದಾರೆ.

ಅರ್ಧ_ರೀಮ್

ಹೀಗೆ ಬರೆದೆ: "ಕೈ ಇಡದಿದ್ದರೂ ಮುಚ್ಚಿಕೊಳ್ಳದ ನೋಟ್‌ಬುಕ್. ಹೊಲಿಯುವವಳು ನಾನೊಬ್ಬಳೇ, ಆದ್ದರಿಂದ ಹತ್ತು ದಿನ ಬೇಕು."

ಬಣ್ಣದ_ಡಬ್ಬಿ

ಎರಡನೇ ಸಾಲಿಗೆ ನನ್ನ ಚಪ್ಪಾಳೆ. ತಂಡ ಹೋಯಿತು, ನಂಬಿಕೆ ಬಂತು. ತಡವಾಗುವುದಕ್ಕೂ ಕಾರಣ ಸಿಕ್ಕಿತು, ಯಾರೂ ಮೂರನೇ ದಿನಕ್ಕೆ ಪಾರ್ಸೆಲ್ ಎಲ್ಲಿ ಎನ್ನುವುದಿಲ್ಲ.

ಗುಂಡಿ_ದಾರ

ಬೆಳೆದ ಮೇಲೆ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೆ? "ನಾನೊಬ್ಬಳೇ" ಅಂತ ಹೇಳಿ ಸಿಕ್ಕಿಹಾಕಿಕೊಳ್ಳುವುದಿಲ್ಲವಾ?

ಮೂರನೇ_ಬೆಂಚು

ಒಳ್ಳೆಯ ಪ್ರಶ್ನೆ. ಅದಕ್ಕೇ ಮೊದಲ ಸಾಲು ವಸ್ತುವಿನ ಮೇಲೆ ಇರಬೇಕು, ಎರಡನೆಯದು ವ್ಯಕ್ತಿಯ ಮೇಲೆ. ಇಬ್ಬರು ಬಂದ ದಿನ ಎರಡನೇ ಸಾಲು ಬದಲಾಯಿಸಿದರೆ ಆಯ್ತು, "ಈಗ ಮೂವರು ಹೊಲಿಯುತ್ತೇವೆ" ಎನ್ನುವುದೇ ಒಂದು ಸುದ್ದಿ. ಆದರೆ ಆ ಇಬ್ಬರು ಹೊಲಿದದ್ದೂ ಚಪ್ಪಟೆ ಮಲಗಬೇಕು. ಮೊದಲ ಸಾಲು ಸುಳ್ಳಾದರೆ ಯಾವ ಲೋಗೋನೂ ಉಳಿಸುವುದಿಲ್ಲ.

ಸುಮ್ನೆ_ಓದುಗ

ನನಗೆ ಒಂದು ಬೇಕು ಮೇಡಂ. ಎಡಗೈಯವನು ನಾನು. ಲಿಂಕ್ ಕೊಡಿ, ವೆಬ್‌ಸೈಟ್ ಯಾರಿಗೆ ಬೇಕು ಅಂದವನೇ ಕೇಳುತ್ತಿದ್ದೇನೆ.

ಅರ್ಧ_ರೀಮ್

ಇಲ್ಲಿ ಲಿಂಕ್ ಹಾಕುವುದು ನಿಯಮಕ್ಕೆ ವಿರುದ್ಧ, ಖಾಸಗಿ ಸಂದೇಶ ಕಳಿಸಿದ್ದೇನೆ. ಆದರೆ ಒಂದೆರಡು ದಿನ ಬಿಟ್ಟು ಆರ್ಡರ್ ಮಾಡಿ.

ಹಳೇ_ಕೀಬೋರ್ಡ್ ಸರ್, ಲಾಗಿನ್ ಆಗಲು ಹೋದೆ. ಒಟಿಪಿ ನಮ್ಮ ಯಜಮಾನರ ಹಳೇ ಆಫೀಸಿನ ಇಮೇಲ್‌ಗೆ ಹೋಯಿತು. ಅವರು ಆ ಕೆಲಸ ಬಿಟ್ಟು ಒಂದೂವರೆ ವರ್ಷವಾಗಿದೆ. ಆವತ್ತು ಯಾವ ಇಮೇಲ್ ತೆರೆದಿತ್ತೋ ಅದನ್ನೇ ಕೊಟ್ಟಿದ್ದರಂತೆ.

ಡೊಮೇನ್ ನೋಂದಣಿಯ ವಿವರ ತೋರಿಸುವ ಹೂಯಿಸ್‌ನಲ್ಲಿ ನೋಡಿದೆ. ಅವಧಿ ಮುಗಿಯಲು 19 ದಿನ ಇದೆ.

ಹಳೇ_ಕೀಬೋರ್ಡ್

ಈಗಲೇ ಡೊಮೇನ್ ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ. ನೋಂದಣಿ ಯಾರ ಹೆಸರಲ್ಲಿದೆಯೋ ಅವರ ಗುರುತಿನ ಚೀಟಿ, ಕೊಂಡಾಗಿನ ರಸೀದಿ, ಹಣ ಕಟ್ಟಿದ ದಾಖಲೆ ಇಟ್ಟುಕೊಳ್ಳಿ. ಮೊದಲು ನವೀಕರಣ, ಆಮೇಲೆ ಇಮೇಲ್ ಬದಲಾವಣೆ. ಹೊಸ ಇಮೇಲ್ ಅದೇ ಡೊಮೇನಿನದ್ದು ಕೊಡಬೇಡಿ. ಡೊಮೇನ್ ಹೋದ ದಿನ ಆ ಮೇಲೂ ಹೋಗುತ್ತದೆ.

ಅರ್ಧ_ರೀಮ್

ನಾಲ್ಕು ದಿನ ಓಡಾಡಿದ್ದಾಯಿತು. ರಸೀದಿ ಅವರ ಹಳೇ ಫೋನಿನ ಸ್ಕ್ರೀನ್‌ಶಾಟ್‌ನಲ್ಲಿ ಸಿಕ್ಕಿತು, ಪುಣ್ಯ. ಡೊಮೇನ್ ಈಗ ನನ್ನ ಹೆಸರಲ್ಲಿ, ನನ್ನ ಸ್ವಂತ ಇಮೇಲ್‌ನಲ್ಲಿದೆ. ಐದು ವರ್ಷಕ್ಕೆ ಕಟ್ಟಿದ್ದೇನೆ. ಎರಡು ಹಂತದ ಲಾಗಿನ್ ಹಾಕಿದೆ. ರಿಕವರಿ ಕೋಡ್‌ಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಬರೆಯುವಾಗ ಅದು ಚಪ್ಪಟೆ ಮಲಗಿತ್ತು, ಕೈ ಇಡಬೇಕಾಗಲಿಲ್ಲ.

ಸುಮ್ನೆ_ಓದುಗ ಸರ್, ಈಗ ಆರ್ಡರ್ ಮಾಡಿ. ಹತ್ತು ದಿನ.